ಟ್ರಾನ್ಸಿಸ್ಟರ್ ಕರೆಂಟನ್ನು ಆನ್-ಆಫ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಮಕ್ಕಳು ಪ್ರಾಜೆಕ್ಟಿನ ಹೊತ್ತಿಗೆ ಕೇಳುವ ಪ್ರಶ್ನೆಗಳನ್ನು, ಅಡಿಕೆ ತೋಟದ ಪಂಪಿಗೆ ತಾವೇ ಸರ್ಕ್ಯೂಟ್ ಕಟ್ಟಿಕೊಳ್ಳುವ ಕೃಷಿಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಟ್ರಾನ್ಸಿಸ್ಟರನ್ನು ಆಂಪ್ಲಿಫೈಯರ್ ಆಗಿ ಬಳಸುವ ವಿಷಯ ಇಲ್ಲಿಲ್ಲ. ಸ್ವಿಚ್ ಆಗಿ ಬಳಸುವುದಷ್ಟೇ.

ಒಳಗೆ ಯಾವ ಭಾಗವೂ ಅಲುಗಾಡುವುದಿಲ್ಲ. ಮತ್ತೆ ಕರೆಂಟ್ ನಿಲ್ಲುವುದು, ಹರಿಯುವುದು ಹೇಗೆ?

ಸಿಲಿಕಾನಿಗೆ ರಂಜಕ ಬೆರೆಸಿದರೆ ಓಡಾಡಬಲ್ಲ ಎಲೆಕ್ಟ್ರಾನುಗಳು ಹೆಚ್ಚಾಗುತ್ತವೆ. ಅದು ಎನ್ ಬಗೆ. ಬೋರಾನ್ ಬೆರೆಸಿದರೆ ಎಲೆಕ್ಟ್ರಾನಿನ ತೆರವುಗಳು, ಅಂದರೆ ಹೋಲ್‌ಗಳು, ಹೆಚ್ಚಾಗುತ್ತವೆ. ಅದು ಪಿ ಬಗೆ. ಎರಡು ಎನ್ ತುಂಡುಗಳ ನಡುವೆ ಒಂದು ಪಿ ಪದರ ಇಟ್ಟರೆ, ಯಾವ ದಿಕ್ಕಿನಲ್ಲಿ ವೋಲ್ಟೇಜ್ ಕೊಟ್ಟರೂ ಎರಡು ಜಂಕ್ಷನ್‌ಗಳಲ್ಲಿ ಒಂದು ಅಡ್ಡಗಟ್ಟುತ್ತದೆ. ಆಫ್ ಸ್ಥಿತಿ ಅಂದರೆ ಇದೇ. ಆನ್ ಮಾಡಬೇಕಾದರೆ ನಡುವಿನ ಪಿ ಪದರದೊಳಗೆ ಎಲೆಕ್ಟ್ರಾನುಗಳು ಬರುವ ಹಾಗೆ ಮಾಡಬೇಕು. ಬೈಪೋಲಾರ್ ಟ್ರಾನ್ಸಿಸ್ಟರ್ ಈ ಕೆಲಸವನ್ನು ಬೇಸಿಗೆ, ಅಂದರೆ ಆ ನಡುವಿನ ಪದರದ ಕಾಲಿಗೆ, ಕರೆಂಟ್ ಕೊಟ್ಟು ಮಾಡಿಸಿಕೊಳ್ಳುತ್ತದೆ. ಅದರ ಎರಡು ಬದಿಯ ಕಾಲುಗಳು ಎಮಿಟರ್ ಮತ್ತು ಕಲೆಕ್ಟರ್. ಎನ್, ಪಿ, ಎನ್ ಎಂಬ ಈ ಜೋಡಣೆಗೆ ಎನ್‌ಪಿಎನ್ ಎಂದು ಹೆಸರು. ಮಾಸ್‌ಫೆಟ್ ಎಂಬ ಇನ್ನೊಂದು ಬಗೆ ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟು ಮಾಡಿಸಿಕೊಳ್ಳುತ್ತದೆ. ಅದರ ಉಳಿದೆರಡು ಕಾಲುಗಳು ಸೋರ್ಸ್ ಮತ್ತು ಡ್ರೈನ್. ಮುಂದಿನ ಹೆಚ್ಚಿನ ಪ್ರಶ್ನೆಗಳೆಲ್ಲ ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ಟ್ರಾನ್ಸಿಸ್ಟರ್ ಅಂದರೆ ನೀರಿನ ನಲ್ಲಿಯ ಹಾಗೆ ಎಂದು ಕ್ಲಾಸಿನಲ್ಲಿ ಹೇಳಿದ್ದಾರೆ. ಸರಿಯಾ?

ಅರ್ಧ ಸರಿ. ಸಣ್ಣ ತಿರುವಿನಿಂದ ದೊಡ್ಡ ಹರಿವನ್ನು ಹಿಡಿತದಲ್ಲಿಡಬಹುದು ಎನ್ನುವಷ್ಟಕ್ಕೆ ಹೋಲಿಕೆ ಸಾಕು. ಆದರೆ ನಲ್ಲಿಯನ್ನು ಅರ್ಧ ತಿರುಗಿಸಿ ಬಿಟ್ಟರೆ ನಲ್ಲಿಗೆ ಏನೂ ಆಗುವುದಿಲ್ಲ, ಟ್ರಾನ್ಸಿಸ್ಟರನ್ನು ಅರ್ಧ ಆನ್ ಮಾಡಿ ಬಿಟ್ಟರೆ ಅದು ಸುಡುತ್ತದೆ.

ಲೆಕ್ಕ ಹಾಕಿ ನೋಡಿ. 12 ವೋಲ್ಟಿನಲ್ಲಿ 3 ಆಂಪ್ ಎಳೆಯುವ ಒಂದು ಹೀಟರ್ ಕಾಯಿಲ್ ಉಂಟು ಎಂದಿಟ್ಟುಕೊಳ್ಳಿ. ಟ್ರಾನ್ಸಿಸ್ಟರ್ ಪೂರ್ತಿ ಆಫ್ ಇದ್ದರೆ ಅದರ ಮೇಲೆ 12 ವೋಲ್ಟ್ ನಿಂತಿರುತ್ತದೆ, ಕರೆಂಟ್ ಸೊನ್ನೆ, ಹಾಗಾಗಿ ಬಿಸಿಯೂ ಸೊನ್ನೆ. ಪೂರ್ತಿ ಆನ್ ಇದ್ದರೆ 3 ಆಂಪ್ ಹರಿಯುತ್ತದೆ, ಆದರೆ ಅದರ ಮೇಲೆ ಉಳಿಯುವ ವೋಲ್ಟೇಜ್ ಅತ್ಯಲ್ಪ, ಬಿಸಿಯೂ ಅಲ್ಪ. ನಡುವೆ ಸಿಕ್ಕಿಕೊಂಡರೆ 6 ವೋಲ್ಟ್, ಒಂದೂವರೆ ಆಂಪ್, ಅಂದರೆ 9 ವ್ಯಾಟ್. ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಲೋಹದ ತುಂಡು, ಇಲ್ಲದ ಟಿಒ-220 ಎಂಬ ಮೂರು ಕಾಲಿನ ಪ್ಯಾಕೇಜಿನಲ್ಲಿ ಪ್ರತಿ ವ್ಯಾಟಿಗೆ ಒಳಗಿನ ಬಿಸಿ ಸುಮಾರು 62 ಡಿಗ್ರಿ ಏರುತ್ತದೆ. 9 ವ್ಯಾಟ್ ಅಂದರೆ ಅದು ಉಳಿಯುವ ಮಾತೇ ಇಲ್ಲ.

ಸ್ವಿಚ್ ಸರ್ಕ್ಯೂಟ್ ಮಾಡುವಾಗ ನಮ್ಮ ಕೆಲಸವೆಲ್ಲ ಇಷ್ಟೆ: ಎರಡು ತುದಿಗಳಲ್ಲಿ ಗಟ್ಟಿಯಾಗಿ ನಿಲ್ಲಿಸುವುದು, ನಡುದಾರಿಯನ್ನು ಆದಷ್ಟು ಬೇಗ ದಾಟಿಸುವುದು.

ಬಿ.ಸಿ. 547 ಎಂಬ ಸಣ್ಣ ಎನ್‌ಪಿಎನ್ ಟ್ರಾನ್ಸಿಸ್ಟರಿನಿಂದ ರಿಲೇ (ಕಾಯಿಲಿಗೆ ಕರೆಂಟ್ ಕೊಟ್ಟಾಗ ಕೂಡುವ ಸ್ವಿಚ್) ಓಡಿಸಬೇಕು. ಬೇಸಿಗೆ ಎಷ್ಟು ಓಮಿನ ರೆಸಿಸ್ಟರ್ ಹಾಕಲಿ?

ಪಂಪಿನ ಟೈಮರ್ ಮಾಡುವವರೆಲ್ಲ ಮೊದಲು ಕೇಳುವುದು ಇದನ್ನೇ. ಅಂದಾಜಿಗೆ ಹಾಕಬೇಡಿ, ಎರಡು ನಿಮಿಷದ ಲೆಕ್ಕ ಇದು.

ಸಣ್ಣ 12 ವೋಲ್ಟ್ ರಿಲೇಯ ಕಾಯಿಲನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಸಾಮಾನ್ಯವಾಗಿ 400 ಓಮ್ ತೋರಿಸುತ್ತದೆ. 12 ಭಾಗಿಸು 400, ಅಂದರೆ 30 ಮಿಲಿಆಂಪ್. ಬಿ.ಸಿ. 547ನ ಮಿತಿ 100 ಮಿಲಿಆಂಪ್, ಹಾಗಾಗಿ ತೊಂದರೆ ಇಲ್ಲ. ಬೇಸಿಗೆ ಇದರ ಹತ್ತರಲ್ಲಿ ಒಂದು ಪಾಲು ಕೊಡಿ: 3 ಮಿಲಿಆಂಪ್. ಆರ್ಡುಯಿನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ ಪಿನ್ನಿನಿಂದ 5 ವೋಲ್ಟ್ ಬರುತ್ತದೆ, ಬೇಸ್-ಎಮಿಟರ್ ಜಂಕ್ಷನ್ ಸುಮಾರು 0.7 ವೋಲ್ಟ್ ತಾನೇ ಇಟ್ಟುಕೊಳ್ಳುತ್ತದೆ. ಉಳಿದ 4.3 ವೋಲ್ಟನ್ನು 3 ಮಿಲಿಆಂಪಿನಿಂದ ಭಾಗಿಸಿದರೆ 1,433 ಓಮ್. ಅಂಗಡಿಯಲ್ಲಿ ಸಿಗುವ 1.2 ಕಿಲೊಓಮ್ ಅಥವಾ 1 ಕಿಲೊಓಮ್ ಹಾಕಿ. ಇಎಸ್‌ಪಿ32 ಬೋರ್ಡ್ ಆದರೆ ಪಿನ್ನಿನಲ್ಲಿ ಸಿಗುವುದು 3.3 ವೋಲ್ಟ್ ಮಾತ್ರ, ಆಗ 820 ಓಮ್ ಸರಿಹೋಗುತ್ತದೆ.

ಕಟ್ಟಿದ ಮೇಲೆ ರಿಲೇ ಆನ್ ಇರುವಾಗ ಮೀಟರಿನ ಕಪ್ಪು ತುದಿ ಎಮಿಟರಿಗೆ, ಕೆಂಪು ತುದಿ ಕಲೆಕ್ಟರಿಗೆ ಇಟ್ಟು ನೋಡಿ. 0.2 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿದೆ. 1 ವೋಲ್ಟಿಗಿಂತ ಮೇಲೆ ತೋರಿಸಿದರೆ ರಿಲೇ ಟಕ್ ಎಂದು ಸದ್ದು ಮಾಡಿದರೂ ಸರ್ಕ್ಯೂಟ್ ಸರಿಯಿಲ್ಲ. ಬೇಸಿಗೆ ಕರೆಂಟ್ ಸಾಲದು.

ಡೇಟಾಶೀಟಿನಲ್ಲಿ ಗೇನ್ 200 ಎಂದು ಉಂಟು. ಮತ್ತೆ ಹತ್ತರಲ್ಲಿ ಒಂದು ಪಾಲು ಯಾಕೆ ಕೊಡಬೇಕು?

ಒಳ್ಳೆಯ ಪ್ರಶ್ನೆ. ಡೇಟಾಶೀಟ್ ಎಂದರೆ ತಯಾರಕರು ಕೊಡುವ ವಿವರ ಪಟ್ಟಿ, ಗೇನ್ ಎಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಎಂಬುದು. ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸ್ ಪದರ ಬಹಳ ತೆಳು. ಎಮಿಟರಿನಿಂದ ನುಗ್ಗಿದ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಬೇಸಿನಲ್ಲಿ ನಿಲ್ಲುವ ಮೊದಲೇ ಕಲೆಕ್ಟರ್ ಅವನ್ನು ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಹೋಲ್‌ಗಳ ಜೊತೆ ಸೇರಿ ಮುಗಿದುಹೋದ ಕೆಲವೇ ಎಲೆಕ್ಟ್ರಾನುಗಳ ಲೆಕ್ಕ ತುಂಬಲು ಬೇಸ್ ಕರೆಂಟ್ ಬೇಕು. 200ರ ಗೇನ್ ಬರುವುದು ಹೀಗೆ. ಆದರೆ ಆ 200 ಸಿಗುವುದು ಕಲೆಕ್ಟರಿನಲ್ಲಿ ಸಾಕಷ್ಟು ವೋಲ್ಟೇಜ್ ಇದ್ದು ಅದು ಬಲವಾಗಿ ಎಳೆಯುವಾಗ ಮಾತ್ರ. ಸ್ವಿಚ್ ಪೂರ್ತಿ ಆನ್ ಆದಾಗ ಕಲೆಕ್ಟರಿನಲ್ಲಿ ಉಳಿಯುವುದೇ 0.2 ವೋಲ್ಟ್. ಆ ಸ್ಥಿತಿಗೆ ಸ್ಯಾಚುರೇಶನ್ ಎನ್ನುತ್ತಾರೆ, ಅಲ್ಲಿ ಗೇನ್ ಕುಸಿಯುತ್ತದೆ. ಜೊತೆಗೆ, ಒಂದೇ ಪ್ಯಾಕೆಟಿನ ಎರಡು ಟ್ರಾನ್ಸಿಸ್ಟರುಗಳ ಗೇನ್ ಕೂಡ ಒಂದೇ ಇರುವುದಿಲ್ಲ. ಡೇಟಾಶೀಟ್ ಮಾಡುವವರೇ ಸ್ಯಾಚುರೇಶನ್ ವೋಲ್ಟೇಜನ್ನು ಅಳೆಯುವಾಗ ಹತ್ತಕ್ಕೆ ಒಂದು, ಇಪ್ಪತ್ತಕ್ಕೆ ಒಂದು ಎಂಬ ಪ್ರಮಾಣದಲ್ಲಿ ಬೇಸ್ ಕರೆಂಟ್ ಕೊಟ್ಟಿರುತ್ತಾರೆ. ಆ ಸಾಲನ್ನು ಹುಡುಕಿ ಓದಿ.

ಹೀಗೆ ಧಾರಾಳವಾಗಿ ಬೇಸ್ ಕರೆಂಟ್ ಕೊಟ್ಟರೆ ಒಂದು ನಷ್ಟವೂ ಉಂಟು. ಬೇಸಿನಲ್ಲಿ ತುಂಬಿಕೊಂಡ ಚಾರ್ಜ್ ಖಾಲಿಯಾಗುವವರೆಗೆ ಟ್ರಾನ್ಸಿಸ್ಟರ್ ಆಫ್ ಆಗುವುದಿಲ್ಲ, ನೂರಾರು ನ್ಯಾನೊಸೆಕೆಂಡ್ ತಡವಾಗುತ್ತದೆ. ರಿಲೇಗೆ ಇದು ಲೆಕ್ಕಕ್ಕಿಲ್ಲ. ಸ್ವಿಚಿಂಗ್ ಪವರ್ ಸಪ್ಲೈಗೆ ಖಂಡಿತ ಲೆಕ್ಕಕ್ಕುಂಟು.

ರಿಲೇ ಕಾಯಿಲಿಗೆ ಅಡ್ಡಲಾಗಿ ಡಯೋಡ್ ಹಾಕದಿದ್ದರೆ ಏನಾಗುತ್ತದೆ?

ಕಾಯಿಲಿನಲ್ಲಿ ಹರಿಯುತ್ತಿರುವ ಕರೆಂಟ್ ಒಮ್ಮೆಲೇ ನಿಲ್ಲಲು ಒಪ್ಪುವುದಿಲ್ಲ. ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಕಾಯಿಲ್ ತನ್ನ ವೋಲ್ಟೇಜನ್ನು ಏರಿಸುತ್ತಾ ಹೋಗಿ ಬಿ.ಸಿ. 547ನ 45 ವೋಲ್ಟ್ ಮಿತಿಯನ್ನು ದಾಟುತ್ತದೆ. ಮೊದಲ ದಿನವೇ ಟ್ರಾನ್ಸಿಸ್ಟರ್ ಹೋಗಬೇಕೆಂದಿಲ್ಲ, ಕೆಲವು ವಾರ ಓಡಿ ಒಂದು ದಿನ ಕೈಕೊಡುತ್ತದೆ. 1ಎನ್4007 ಡಯೋಡ್ ಹಾಕಿ, ಬೆಳ್ಳಿ ಪಟ್ಟಿ ಇರುವ ತುದಿ 12 ವೋಲ್ಟ್ ಕಡೆಗೆ ಇರಲಿ. ತಿರುಗಾಮುರುಗಾ ಹಾಕಿದರೆ ರಿಲೇ ಆನ್ ಆಗುವ ಬದಲು ಶಾರ್ಟ್ ಆಗುತ್ತದೆ. ಏಳೆಂಟು ರಿಲೇ ಇದ್ದರೆ ಒಂದೊಂದಕ್ಕೂ ಬಿಡಿಯಾಗಿ ಕಟ್ಟುವ ಬದಲು ಯುಎಲ್‌ಎನ್2003 ಐಸಿ ತಂದುಕೊಳ್ಳಿ. ಅದರೊಳಗೆ ಏಳು ಜೋಡಿ ಡಾರ್ಲಿಂಗ್ಟನ್ ಟ್ರಾನ್ಸಿಸ್ಟರ್, ಬೇಸ್ ರೆಸಿಸ್ಟರ್, ಡಯೋಡ್ ಎಲ್ಲ ಇವೆ.

ಪಿಎನ್‌ಪಿ ಹಾಕಿದೆ, ಆನ್ ಆಗುತ್ತದೆ, ಆದರೆ ಆಫ್ ಆಗುವುದೇ ಇಲ್ಲ. ಹಾಳಾಗಿದೆಯಾ?

ಹಾಳಾಗಿರಲಿಕ್ಕಿಲ್ಲ. ಪಿಎನ್‌ಪಿ ಅಂದರೆ ಎರಡು ಪಿ ತುಂಡುಗಳ ನಡುವೆ ಎನ್ ಪದರ, ಎನ್‌ಪಿಎನ್‌ಗೆ ತದ್ವಿರುದ್ಧ. ಪಿಎನ್‌ಪಿಯ ಎಮಿಟರ್ 12 ವೋಲ್ಟಿಗೆ ಸೇರಿದೆ. ಬೇಸ್ ಎಮಿಟರಿಗಿಂತ 0.7 ವೋಲ್ಟ್ ಕೆಳಗಿದ್ದರೆ ಅದು ಆನ್. ಮೈಕ್ರೊಕಂಟ್ರೋಲರಿನ ಪಿನ್ ಹೈ ಆದಾಗ ಬೇಸಿಗೆ 5 ವೋಲ್ಟ್ ಬಂತು, ಆದರೆ ಅದು 12ಕ್ಕಿಂತ 7 ವೋಲ್ಟ್ ಕೆಳಗೇ ಉಂಟಲ್ಲ. ಹಾಗಾಗಿ ಆಫ್ ಆಗುವ ದಾರಿಯೇ ಇಲ್ಲ. ಮೇಲಾಗಿ ಬೇಸಿನ ಮೂಲಕ ಕರೆಂಟ್ ವಾಪಸು ಪಿನ್ನಿಗೆ ನುಗ್ಗಿ ಕಂಟ್ರೋಲರಿಗೂ ಅಪಾಯ. ನಡುವೆ ಒಂದು ಎನ್‌ಪಿಎನ್ ಹಾಕಿ. ಪಿನ್ ಹೈ ಆದಾಗ ಎನ್‌ಪಿಎನ್ ಆನ್ ಆಗಿ ಪಿಎನ್‌ಪಿಯ ಬೇಸನ್ನು ರೆಸಿಸ್ಟರ್ ಮೂಲಕ ಕೆಳಗೆ ಎಳೆಯಲಿ. ಪಿಎನ್‌ಪಿಯ ಬೇಸ್ ಮತ್ತು ಎಮಿಟರ್ ನಡುವೆ 10 ಕಿಲೊಓಮ್ ಇರಲಿ. ಪಿ-ಚಾನೆಲ್ ಮಾಸ್‌ಫೆಟಿಗೂ ಇದೇ ಕ್ರಮ.

ಸಾಧ್ಯವಿದ್ದಲ್ಲೆಲ್ಲ ಲೋಡನ್ನು, ಅಂದರೆ ಓಡಿಸಬೇಕಾದ ಸಾಧನವನ್ನು, ಪ್ಲಸ್ ಕಡೆ ಇಟ್ಟು, ಎನ್ ಬಗೆಯ ಟ್ರಾನ್ಸಿಸ್ಟರನ್ನು ಗ್ರೌಂಡ್ ಕಡೆ ಇಡುವುದು ಸುಲಭ. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಹೋಲ್‌ಗಳಿಗಿಂತ ಎರಡು ಮೂರು ಪಟ್ಟು ಸಲೀಸಾಗಿ ಓಡುತ್ತವೆ, ಹಾಗಾಗಿ ಅಷ್ಟೇ ಗಾತ್ರದ ಎನ್-ಚಾನೆಲ್ ಮಾಸ್‌ಫೆಟಿನ ರೆಸಿಸ್ಟೆನ್ಸ್ ಕಡಿಮೆ, ಬೆಲೆಯೂ ಕಡಿಮೆ.

ವೈರಿಂಗ್ ಸರಿ ಉಂಟು, ಎಲ್ಲಿಯೂ ಶಾರ್ಟ್ ಇಲ್ಲ. ಆದರೂ ಮಾಸ್‌ಫೆಟ್ ಮುಟ್ಟಲಿಕ್ಕಾಗದಷ್ಟು ಬಿಸಿ. ಯಾಕೆ?

ನಂಬರ್ ನೋಡಿ. ಹೆಚ್ಚಿನ ಸಲ ಅದು ಐಆರ್‌ಎಫ್‌ಝಡ್44ಎನ್ ಆಗಿರುತ್ತದೆ, ಗೇಟಿಗೆ 5 ಅಥವಾ 3.3 ವೋಲ್ಟ್ ಕೊಟ್ಟಿರುತ್ತೀರಿ. ಡೇಟಾಶೀಟಿನಲ್ಲಿ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದು ಓದಿ, 5 ವೋಲ್ಟ್ ಧಾರಾಳ ಸಾಕು ಎಂದುಕೊಳ್ಳುವುದು ಸಹಜ. ಆದರೆ ಅದೇ ಸಾಲಿನ ಪಕ್ಕದಲ್ಲಿ ಬರೆದಿರುವ ಕರೆಂಟ್ ನೋಡಿ: 250 ಮೈಕ್ರೊಆಂಪ್. ಥ್ರೆಶೋಲ್ಡ್ ಎಂದರೆ ಮಾಸ್‌ಫೆಟ್ ಆಫ್ ಸ್ಥಿತಿಯಿಂದ ಆಗಷ್ಟೇ ಹೊರಬರುವ ವೋಲ್ಟೇಜ್. ಪೂರ್ತಿ ಆನ್ ಆಗುವ ವೋಲ್ಟೇಜ್ ಬೇರೆಯೇ. 17.5 ಮಿಲಿಓಮ್ ಎಂಬ ಆ ಚಂದದ ಸಂಖ್ಯೆ ಸಿಗಬೇಕಾದರೆ ಗೇಟಿಗೆ 10 ವೋಲ್ಟ್ ಬೇಕು.

ಒಳಗೆ ನಡೆಯುವುದು ಹೀಗೆ. ಗೇಟಿನ ಕೆಳಗೆ ಸಿಲಿಕಾನ್ ಡೈಆಕ್ಸೈಡಿನ ತೆಳು ಪದರ, ಅದರ ಕೆಳಗೆ ಪಿ ಬಗೆಯ ಸಿಲಿಕಾನ್. ಗೇಟಿಗೆ ಪ್ಲಸ್ ವೋಲ್ಟೇಜ್ ಕೊಟ್ಟಾಗ ಹೋಲ್‌ಗಳು ದೂರ ಸರಿದು, ಎಲೆಕ್ಟ್ರಾನುಗಳು ಆ ಪದರದ ಅಡಿಗೆ ಬಂದು ಸೇರುತ್ತವೆ. ಸೋರ್ಸಿನಿಂದ ಡ್ರೈನಿಗೆ ದಾರಿಯಾಗುವ ಚಾನೆಲ್ ಅದೇ. ಗೇಟ್ ವೋಲ್ಟೇಜ್ ಹೆಚ್ಚಾದಷ್ಟೂ ಎಲೆಕ್ಟ್ರಾನುಗಳು ಹೆಚ್ಚು, ದಾರಿಯ ರೆಸಿಸ್ಟೆನ್ಸ್ ಕಡಿಮೆ. 3.3 ವೋಲ್ಟಿಗೆ ಚಾನೆಲ್ ಅರೆಬರೆ ಆಗಿರುತ್ತದೆ, ಅಂದರೆ ಮೇಲೆ ಹೇಳಿದ ಆ ನಡುದಾರಿಯಲ್ಲೇ ಮಾಸ್‌ಫೆಟ್ ನಿಂತುಬಿಟ್ಟಿರುತ್ತದೆ.

5 ವೋಲ್ಟಿನ ಬೋರ್ಡಿಗೆ ಐಆರ್‌ಎಲ್‌ಝಡ್44ಎನ್ ತನ್ನಿ. ಹೆಸರಿನಲ್ಲಿ ಎಫ್ ಜಾಗದಲ್ಲಿ ಎಲ್ ಉಂಟು, ಅದನ್ನು ಕಣ್ಣಿಟ್ಟು ನೋಡಿ ಕೊಳ್ಳಿ. ಇದಕ್ಕೆ 5 ವೋಲ್ಟ್ ಕೊಟ್ಟರೆ 25 ಮಿಲಿಓಮ್. 3 ಆಂಪ್ ಎಳೆಯುವ ಎಲ್‌ಇಡಿ ಸ್ಟ್ರಿಪ್ಪಿಗೆ ಲೆಕ್ಕ ಹಾಕಿದರೆ 3ರ ವರ್ಗ 9, ಅದನ್ನು 0.025ರಿಂದ ಗುಣಿಸಿದರೆ ಕಾಲು ವ್ಯಾಟೂ ಇಲ್ಲ. ಹೀಟ್‌ಸಿಂಕ್ ಬೇಡ. 3.3 ವೋಲ್ಟಿನ ಬೋರ್ಡಾದರೆ, ಅಷ್ಟೇ ಗೇಟ್ ವೋಲ್ಟೇಜಿಗೆ ಆನ್ ರೆಸಿಸ್ಟೆನ್ಸ್ ಎಷ್ಟೆಂದು ಡೇಟಾಶೀಟಿನಲ್ಲಿ ನಮೂದಿಸಿರುವ ಮಾಸ್‌ಫೆಟನ್ನೇ ಆರಿಸಬೇಕು, ಇಲ್ಲವೇ ನಡುವೆ ಗೇಟ್ ಡ್ರೈವರ್, ಅಂದರೆ ಗೇಟಿಗೆ ಬೇಕಾದ ವೋಲ್ಟೇಜ್ ಕೊಡುವ ಐಸಿ, ಹಾಕಬೇಕು.

ಟಿಪ್122 ಹಾಕಿದರೆ ಸಾಲದಾ? ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಸಿಗುತ್ತದೆ, ಓಡುತ್ತದೆ, ಬಿಸಿಯೂ ಆಗುತ್ತದೆ. ಅದು ಡಾರ್ಲಿಂಗ್ಟನ್, ಅಂದರೆ ಒಂದರ ಹಿಂದೆ ಒಂದು ಎರಡು ಟ್ರಾನ್ಸಿಸ್ಟರ್. ಗೇನ್ ಸಾವಿರದ ಮೇಲೆ, ಆದರೆ ಆನ್ ಇರುವಾಗ ಉಳಿಯುವ ವೋಲ್ಟೇಜ್ 3 ಆಂಪಿಗೆ 2 ವೋಲ್ಟ್‌ವರೆಗೂ ಹೋಗಬಹುದು. ಅಂದರೆ 6 ವ್ಯಾಟ್. ಅದೇ ಎಲ್‌ಇಡಿ ಸ್ಟ್ರಿಪ್ಪಿಗೆ ಮಾಸ್‌ಫೆಟಿನಲ್ಲಿ ಕಾಲು ವ್ಯಾಟ್, ಇದರಲ್ಲಿ 6. ಹೊಸ ಸರ್ಕ್ಯೂಟಿಗೆ ನಾನು ಟಿಪ್122 ಸೂಚಿಸುವುದಿಲ್ಲ.

ಗೇಟಿಗೆ ಕರೆಂಟೇ ಬೇಡ ಅಂದಮೇಲೆ ಡ್ರೈವರ್ ಐಸಿ ಯಾಕೆ?

ನಿಂತ ಸ್ಥಿತಿಯಲ್ಲಿ ಬೇಡ. ಆದರೆ ಗೇಟ್ ಒಂದು ಕೆಪಾಸಿಟರ್, ಪ್ರತಿ ಸಲ ಆನ್ ಮಾಡುವಾಗ ತುಂಬಬೇಕು, ಆಫ್ ಮಾಡುವಾಗ ಖಾಲಿ ಮಾಡಬೇಕು. ಐಆರ್‌ಎಲ್‌ಝಡ್44ಎನ್‌ನ ಗೇಟ್ ಚಾರ್ಜ್ ಗರಿಷ್ಠ 48 ನ್ಯಾನೊಕೂಲಂಬ್. ಆರ್ಡುಯಿನೊ ಪಿನ್ 20 ಮಿಲಿಆಂಪ್ ಕೊಟ್ಟರೆ ತುಂಬಲು ಸುಮಾರು 2.4 ಮೈಕ್ರೊಸೆಕೆಂಡ್. ಆರ್ಡುಯಿನೊದ ಮಾಮೂಲಿ ಪಿಡಬ್ಲ್ಯುಎಂ, ಅಂದರೆ ಬೇಗ ಬೇಗ ಆನ್-ಆಫ್ ಮಾಡುವ ಕ್ರಮ, ಸೆಕೆಂಡಿಗೆ 490 ಸಲ, ಆ ವೇಗಕ್ಕೆ ಇಷ್ಟು ತಡ ಏನೂ ಅಲ್ಲ. 50 ಕಿಲೊಹರ್ಟ್ಸ್ ಆದರೆ ಒಂದು ಸುತ್ತಿಗೆ ಇರುವುದೇ 20 ಮೈಕ್ರೊಸೆಕೆಂಡ್. ಅದರಲ್ಲಿ ಏರಲು, ಇಳಿಯಲು ಸೇರಿ ಸುಮಾರು 5 ಮೈಕ್ರೊಸೆಕೆಂಡ್ ನಡುದಾರಿಯಲ್ಲೇ ಕಳೆದರೆ ಮಾಸ್‌ಫೆಟ್ ಬಿಸಿಯಾಗದೆ ಇರುತ್ತದೆಯೇ? ಒಂದೆರಡು ಆಂಪನ್ನು ಕ್ಷಣಮಾತ್ರ ಕೊಡಬಲ್ಲ ಡ್ರೈವರ್ ಐಸಿ ಬೇಕಾಗುವುದು ಅಲ್ಲಿ.

ಬೇಸಿಗೆಯಲ್ಲಿ ಸರಿ ಇದ್ದ ಸರ್ಕ್ಯೂಟ್ ಮಳೆಗಾಲದಲ್ಲಿ ತಾನೇ ತಾನಾಗಿ ಆನ್ ಆಗುತ್ತದೆ. ಯಾಕೆ?

ನಮ್ಮ ಕರಾವಳಿಯವರು ಈ ಉತ್ತರವನ್ನು ಎರಡು ಸಲ ಓದಬೇಕು. ಪುಸ್ತಕಗಳಲ್ಲಿ ಇದಕ್ಕೆ ಇರಬೇಕಾದಷ್ಟು ಜಾಗ ಸಿಕ್ಕಿಲ್ಲ.

ಮಾಸ್‌ಫೆಟಿನ ಗೇಟ್ ಕರೆಂಟ್ ಕೇಳುವುದಿಲ್ಲ ಎನ್ನುವುದು ಅದರ ಗುಣವೂ ಹೌದು, ಇಲ್ಲಿ ದೋಷವೂ ಹೌದು. ಮೈಕ್ರೊಕಂಟ್ರೋಲರ್ ಸ್ಟಾರ್ಟ್ ಆಗುವ ಹೊತ್ತಿನಲ್ಲಿ, ಅಥವಾ ಗೇಟಿನ ವೈರ್ ಸಡಿಲವಾದಾಗ, ಗೇಟ್ ಯಾವ ಕಡೆಗೂ ಸೇರದೆ ತೂಗಾಡುತ್ತದೆ. ಆಗ ಅತಿ ಸಣ್ಣ ಸೋರಿಕೆ ಕರೆಂಟ್ ಕೂಡ ಅದನ್ನು ತುಂಬಿಸಿ ಆನ್ ಮಾಡಬಲ್ಲದು. ಉಳ್ಳಾಲ, ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ಗಾಳಿಯಲ್ಲೇ ಉಪ್ಪು ಉಂಟು. ಬೋರ್ಡಿನ ಮೇಲೆ ಉಪ್ಪು ಕೂತು, ಬೆಸುಗೆಯ ಫ್ಲಕ್ಸ್ ಒರೆಸದೆ ಉಳಿದು, ಅದರ ಮೇಲೆ ಜೂನ್-ಜುಲೈಯ ತೇವ ಸೇರಿದರೆ 12 ವೋಲ್ಟಿನ ಗೆರೆಯಿಂದ ಪಕ್ಕದ ಗೇಟಿನ ಗೆರೆಗೆ ಸೋರಿಕೆಯ ದಾರಿ ಆಗುತ್ತದೆ.

ಗೇಟ್ ಮತ್ತು ಸೋರ್ಸ್ ನಡುವೆ 10 ಕಿಲೊಓಮಿನ ಒಂದು ರೆಸಿಸ್ಟರ್ ಹಾಕಿ, ಮಾಸ್‌ಫೆಟಿನ ಕಾಲಿಗೆ ಆದಷ್ಟು ಹತ್ತಿರ. ಸೋರಿಕೆ 10 ಮೈಕ್ರೊಆಂಪ್ ಇದ್ದರೂ ಗೇಟ್ ಆಗ 0.1 ವೋಲ್ಟ್ ದಾಟುವುದಿಲ್ಲ. ಬೆಸುಗೆ ಆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೋರ್ಡ್ ತೊಳೆದು, ಪೂರ್ತಿ ಒಣಗಿಸಿ, ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಬಳಿಯಿರಿ. ತೋಟದ ಪಂಪುಶೆಡ್ಡಿನಲ್ಲಿ ಇಡುವ ಬೋರ್ಡಿಗಂತೂ ಇದನ್ನು ತಪ್ಪಿಸಬೇಡಿ. ಪಂಪ್ ತಾನೇ ಆನ್ ಆಗಿ ಬಾವಿ ಬರಿದಾದರೆ ಮೋಟಾರಿನ ವೈಂಡಿಂಗೂ ಹೋಗುತ್ತದೆ.

ಲ್ಯಾಬಿನಲ್ಲಿ ಬಿಎಫ್‌ಡಬ್ಲ್ಯು10 ಕೊಟ್ಟರು. ಗೇಟಿಗೆ ಏನೂ ಕೊಡದೆಯೂ ಕರೆಂಟ್ ಹರಿಯಿತು!

ಅದು ಜೆಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್, ಅದರ ಸ್ವಭಾವವೇ ಹಾಗೆ. ಚಾನೆಲ್ ಮೊದಲಿಂದಲೇ ಇರುತ್ತದೆ. ಗೇಟಿಗೆ ಮೈನಸ್ ವೋಲ್ಟೇಜ್ ಕೊಟ್ಟಾಗ ಎರಡೂ ಬದಿಯಿಂದ ಚಾನೆಲ್ ಕಿರಿದಾಗಿ ಕೊನೆಗೆ ಮುಚ್ಚುತ್ತದೆ. ಸಣ್ಣ ಸಿಗ್ನಲ್‌ಗಳ ಕೆಲಸಕ್ಕೆ ಚೆನ್ನ, ಪಂಪು ರಿಲೇಗಳಿಗೆ ಅಲ್ಲ.

ಇಂಡಕ್ಷನ್ ಸ್ಟವ್ವಿನಲ್ಲಿ ಇರುವುದು ಯಾವ ಟ್ರಾನ್ಸಿಸ್ಟರ್?

ಐಜಿಬಿಟಿ. ಇದರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಅದಕ್ಕೆ ನಮ್ಮ ಜಿಲ್ಲೆಯ ನಂಟೂ ಉಂಟು.

ಮಾಸ್‌ಫೆಟ್ ಹೆಚ್ಚು ವೋಲ್ಟೇಜ್ ತಡೆಯಬೇಕಾದರೆ ಒಳಗಿನ ಪದರ ದಪ್ಪ ಇರಬೇಕು, ಅದರಲ್ಲಿ ಬೆರಕೆಯೂ ಕಡಿಮೆ ಇರಬೇಕು. ಆಗ ಆನ್ ಇರುವಾಗಿನ ರೆಸಿಸ್ಟೆನ್ಸ್ ಏರಿಬಿಡುತ್ತದೆ. ಬೈಪೋಲಾರಿನಲ್ಲಿ ಆ ತೊಂದರೆ ಕಡಿಮೆ, ಆದರೆ ಬೇಸಿಗೆ ಆಂಪುಗಟ್ಟಲೆ ಕರೆಂಟ್ ಕೊಡಬೇಕು. ಐಜಿಬಿಟಿಯಲ್ಲಿ ಮೇಲ್ಭಾಗ ಮಾಸ್‌ಫೆಟಿನ ಗೇಟ್, ತಳದಲ್ಲಿ ಒಂದು ಪಿ ಪದರ. ಗೇಟಿಗೆ ವೋಲ್ಟೇಜ್ ಕೊಟ್ಟಾಗ ಮೇಲಿನಿಂದ ಎಲೆಕ್ಟ್ರಾನುಗಳು, ತಳದಿಂದ ಹೋಲ್‌ಗಳು ದಪ್ಪ ಪದರದೊಳಗೆ ನುಗ್ಗಿ ಅದನ್ನು ಒಳ್ಳೆಯ ವಾಹಕ ಮಾಡುತ್ತವೆ. 600, 1,200 ವೋಲ್ಟ್ ತಡೆಯುವ ಐಜಿಬಿಟಿ ಆನ್ ಇರುವಾಗ ಸುಮಾರು 2 ವೋಲ್ಟಿನಲ್ಲೇ ಹತ್ತಾರು ಆಂಪ್ ಬಿಡುತ್ತದೆ. ಆಫ್ ಮಾಡಿದಾಗ ಮಾತ್ರ ಒಳಗೆ ಉಳಿದ ಹೋಲ್‌ಗಳು ಕರಗುವವರೆಗೆ ಕರೆಂಟಿನ ಒಂದು ಬಾಲ ಉಳಿಯುತ್ತದೆ, ಹಾಗಾಗಿ ಬಹಳ ವೇಗದ ಕೆಲಸಕ್ಕೆ ಅದು ಆಗುವುದಿಲ್ಲ. ಇಂಡಕ್ಷನ್ ಸ್ಟವ್ವಿನ 20-40 ಕಿಲೊಹರ್ಟ್ಸ್ ಅದಕ್ಕೆ ಒಗ್ಗುತ್ತದೆ.

ಇದನ್ನು ಬಳಕೆಗೆ ತಂದವರು ಬಿ. ಜಯಂತ್ ಬಾಳಿಗ. ಹೆಸರಿನ ಮೊದಲಿನ ಬಿ ಎಂದರೆ ಬಂಟ್ವಾಳ, ನೇತ್ರಾವತಿ ದಡದ ನಮ್ಮ ಬಂಟ್ವಾಳವೇ. ಅವರು ಹುಟ್ಟಿದ್ದು 1948ರಲ್ಲಿ ಮದರಾಸಿನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ತಂದೆಯೂ ಇಂಜಿನಿಯರ್, ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿದ್ದವರು. ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಬಾಳಿಗರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಇದನ್ನು ಮಾಡಿ ತೋರಿಸಿದರು. ಇದೇ ಜಾಡಿನಲ್ಲಿ ಬೇರೆ ಕಡೆಯೂ ಕೆಲಸ ನಡೆದಿತ್ತು, ಆದರೆ ಕಾರ್ಖಾನೆಯಲ್ಲಿ ತಯಾರಾಗಿ ಯಂತ್ರಗಳಿಗೆ ಹೋಗಿ ಕೂರುವ ಹಾಗೆ ಮಾಡಿದ ಶ್ರೇಯಸ್ಸು ಅವರದು. 2014ರಲ್ಲಿ ಐಇಇಇ ಮೆಡಲ್ ಆಫ್ ಆನರ್, 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಅವರಿಗೆ ಬಂತು. ನಮ್ಮ ಶಾಲೆಗಳ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಎಂಬುದು ನನ್ನ ಆಸೆ.

2022ರಲ್ಲಿ ಕೊಂಕಣ ರೈಲ್ವೆಯ ವಿದ್ಯುದೀಕರಣ ಮುಗಿಯಿತು. ಈಗ ಉಡುಪಿ ಮಾರ್ಗದಲ್ಲೂ ವಿದ್ಯುತ್ ಎಂಜಿನುಗಳೇ ಓಡುತ್ತವೆ. ಭಾರತದ ಮೂರು ಫೇಸಿನ ಎಂಜಿನುಗಳಲ್ಲಿ ಮೊದಲು ಜಿಟಿಒ ಎಂಬ ಥೈರಿಸ್ಟರುಗಳು, ಅಂದರೆ ಇನ್ನೊಂದು ಬಗೆಯ ಸಿಲಿಕಾನ್ ಸ್ವಿಚ್ಚುಗಳು, ಇದ್ದವು, ಆಮೇಲೆ ಆ ಜಾಗಕ್ಕೆ ಬಂದದ್ದು ಐಜಿಬಿಟಿಯೇ.

ಮೆಸ್ಕಾಂನ 230 ವೋಲ್ಟ್ ಎಸಿಯನ್ನು ನೇರ ಒಂದು ಮಾಸ್‌ಫೆಟಿನಿಂದ ಆನ್-ಆಫ್ ಮಾಡಬಹುದಾ?

ಆಗುವುದಿಲ್ಲ. ಮಾಸ್‌ಫೆಟಿನ ರಚನೆಯಲ್ಲೇ ಸೋರ್ಸಿನಿಂದ ಡ್ರೈನಿಗೆ ಒಂದು ಡಯೋಡ್ ಸೇರಿಕೊಂಡಿದೆ. ಎಸಿಯ ಒಂದು ಅರ್ಧದಲ್ಲಿ ನೀವು ಆಫ್ ಮಾಡಿದರೂ ಆ ಡಯೋಡ್ ಕರೆಂಟ್ ಬಿಡುತ್ತದೆ. ಹಲವು ಫ್ಯಾನ್ ರೆಗ್ಯುಲೇಟರುಗಳಲ್ಲಿ ಇರುವುದು ಟ್ರಯಾಕ್. ಅದು ಟ್ರಾನ್ಸಿಸ್ಟರಲ್ಲ, ಥೈರಿಸ್ಟರ್ ಕುಟುಂಬದ್ದು. ಒಮ್ಮೆ ಆನ್ ಆದರೆ ಕರೆಂಟ್ ಸೊನ್ನೆಗೆ ಇಳಿಯುವವರೆಗೆ ಆನ್. ನಮ್ಮ 50 ಹರ್ಟ್ಸ್ ಎಸಿಯಲ್ಲಿ ಸೆಕೆಂಡಿಗೆ 100 ಸಲ ಸೊನ್ನೆ ಬರುವುದರಿಂದ ಅದು ನಡೆಯುತ್ತದೆ. ಮನೆಯಲ್ಲಿ ಕಟ್ಟುವವರು ರಿಲೇಯನ್ನೇ ಬಳಸಿ, ಪಂಪಿನ ಮೋಟಾರಿಗೆ ರಿಲೇಯ ಮುಂದೆ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟ್ ತಾಳುವ ರಿಲೇ, ಇರಲಿ. 230 ವೋಲ್ಟ್ ಭಾಗವನ್ನು ತಿಳಿದ ವೈರ್‌ಮನ್ ಕೈಯಲ್ಲೇ ಮಾಡಿಸಿ.

ಮಾಸ್‌ಫೆಟ್ ಸರಿ ಉಂಟಾ ಎಂದು ಮಲ್ಟಿಮೀಟರಿನಲ್ಲಿ ನೋಡುವುದು ಹೇಗೆ?

ಸರ್ಕ್ಯೂಟಿನಿಂದ ಬಿಡಿಸಿ, ಅಕ್ಷರಗಳು ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವ ಹಾಗೆ ಹಿಡಿಯಿರಿ. ಐಆರ್‌ಎಲ್‌ಝಡ್44ಎನ್‌ನಲ್ಲಿ ಎಡದಿಂದ ಗೇಟ್, ಡ್ರೈನ್, ಸೋರ್ಸ್. ಮೊದಲು ಮೂರೂ ಕಾಲುಗಳನ್ನು ಸ್ಕ್ರೂಡ್ರೈವರಿನಿಂದ ಒಮ್ಮೆ ಕೂಡಿಸಿ ಬಿಡಿ. ಮೀಟರನ್ನು ಡಯೋಡ್ ಮೋಡಿನಲ್ಲಿಟ್ಟು ಕೆಂಪು ತುದಿ ಡ್ರೈನಿಗೆ, ಕಪ್ಪು ಸೋರ್ಸಿಗೆ. ಏನೂ ತೋರಿಸಬಾರದು. ಕಪ್ಪನ್ನು ಸೋರ್ಸಿನಲ್ಲೇ ಇಟ್ಟು ಕೆಂಪನ್ನು ಗೇಟಿಗೆ ಒಮ್ಮೆ ಮುಟ್ಟಿಸಿ, ಮತ್ತೆ ಡ್ರೈನಿಗೆ ತನ್ನಿ. ಈಗ ಕರೆಂಟ್ ಹರಿಯುತ್ತದೆ, ಕೆಂಪು ತುದಿ ಗೇಟಿನಿಂದ ದೂರ ಇದ್ದರೂ. ಗೇಟಿನಲ್ಲಿ ತುಂಬಿದ ಚಾರ್ಜ್ ಇನ್ನೂ ಅಲ್ಲೇ ಕೂತಿದೆ. ಗೇಟನ್ನೂ ಸೋರ್ಸನ್ನೂ ಬೆರಳಿನಿಂದ ಒಟ್ಟಿಗೆ ಮುಟ್ಟಿ, ಮತ್ತೆ ಆಫ್. ಮಕ್ಕಳಿಗೆ ಇದನ್ನು ಒಮ್ಮೆ ಮಾಡಿ ತೋರಿಸಿದರೆ ಗೇಟ್ ಎಂದರೆ ಏನೆಂದು ಬೇರೆ ಪಾಠ ಬೇಡ.

ಕೆಲವು ಮೀಟರುಗಳ ವೋಲ್ಟೇಜ್ ಗೇಟಿಗೆ ಸಾಲದು. ಆಗ 9 ವೋಲ್ಟ್ ಬ್ಯಾಟರಿಯಿಂದ ಗೇಟನ್ನು ತುಂಬಿಸಿ. ಯಾವ ಕಡೆ ಹಿಡಿದರೂ ಮೂರೂ ಕಾಲು ಶಾರ್ಟ್ ತೋರಿಸಿದರೆ ಅದು ಹೋದ ಹಾಗೆಯೇ.

ಮನೆಯಲ್ಲಿ ಯಾವ್ಯಾವುದನ್ನು ತಂದಿಟ್ಟುಕೊಳ್ಳಲಿ?

ಬಿ.ಸಿ. 547 ಮತ್ತು ಅದರ ಪಿಎನ್‌ಪಿ ಜೋಡಿ ಬಿ.ಸಿ. 557 ಒಂದು ಹಿಡಿ, ನಾಲ್ಕಾರು ಐಆರ್‌ಎಲ್‌ಝಡ್44ಎನ್, ಒಂದೆರಡು ಯುಎಲ್‌ಎನ್2003, 1ಎನ್4007 ಡಯೋಡುಗಳು, 1 ಕಿಲೊಓಮ್ ಮತ್ತು 10 ಕಿಲೊಓಮ್ ರೆಸಿಸ್ಟರುಗಳು. ಮಾಸ್‌ಫೆಟನ್ನು ಅದು ಬಂದ ಕಪ್ಪು ಫೋಮಿನಲ್ಲೇ ಚುಚ್ಚಿಡಿ. ಮಳೆಗಾಲದಲ್ಲಿ ಸ್ಟ್ಯಾಟಿಕ್‌ನ ಭಯ ಕಡಿಮೆ, ಎಸಿ ಹಾಕಿದ ಕೋಣೆಯಲ್ಲಿ ಹಾಗಲ್ಲ. ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಕಾಲುಗಳು ಕಪ್ಪಾಗಿ ಬೆಸುಗೆ ಹಿಡಿಯುವುದಿಲ್ಲ.